ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡೆ: ಅರ್ಧ ದಿನದ ನಡಿಗೆ, ಉಂಬುಳಿನ (ನೆಲದ ಜಿಗಣೆಯ) ಲೆಕ್ಕ ಸಮೇತ

ಟಿಕೆಟ್ ಕೊಡುವಲ್ಲಿಂದ ಗುಡ್ಡೆಯ ನೆತ್ತಿಗೆ ಸುಮಾರು ಎರಡೂವರೆ ಕಿಲೋಮೀಟರ್. ಕೆಳಗಿನ ನೆಲ ಸಮುದ್ರಮಟ್ಟದಿಂದ 750 ಮೀಟರ್, ನೆತ್ತಿ 1016. ಅಂದರೆ ಏರು 270 ಮೀಟರಿನ ಆಸುಪಾಸು. ಅಂಕಿ ನೋಡಿದವರು ಇದೇನು ಮಹಾ ಎಂದುಕೊಂಡು ಹವಾಯಿ ಚಪ್ಪಲಿಯಲ್ಲೇ ಹೊರಡುತ್ತಾರೆ. ಹತ್ತುವಾಗ ಏನೂ ಆಗುವುದಿಲ್ಲ. ಪಾಠ ಕಲಿಸುವುದು ಇಳಿಜಾರು.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. ಇದನ್ನು 'ಕಾಸರಗೋಡಿನ ಊಟಿ' ಎನ್ನುವ ವಾಡಿಕೆ ಇದೆ. ಊಟಿ ಇರುವುದು 2240 ಮೀಟರಿನಲ್ಲಿ. ಎತ್ತರ ಸಾವಿರ ಮೀಟರ್ ಹೆಚ್ಚಾದರೆ ಸೆಕೆ ಆರೂವರೆ ಡಿಗ್ರಿಯಷ್ಟು ತಗ್ಗುತ್ತದೆ ಎಂಬ ಲೆಕ್ಕ ಹಿಡಿದರೆ, ಇಲ್ಲಿಯ ನೆತ್ತಿ ಕುಂಬಳೆ ಕಡಲಕರೆಗಿಂತ ಆರೇಳು ಡಿಗ್ರಿ ತಂಪು, ಅಷ್ಟೆ. ಮಟಮಟ ಮಧ್ಯಾಹ್ನ ಬೋಳು ಗುಡ್ಡೆಯ ಮೇಲೆ ಊಟಿಯ ಕನಸು ಕಾಣಬೇಡಿ. ಹೆಸರಿನ ಹಿಂದೆಯೂ ಊಟಿಯ ಗತ್ತಿಲ್ಲ. ಇದು ಮೊದಲು ಮಾಡತ್ತುಮಲ. 1970ರಲ್ಲಿ ಕೋಟ್ಟಯಂನ ಕ್ರೈಸ್ತ ಧರ್ಮಪ್ರಾಂತ್ಯ ಇಲ್ಲಿ ಒಕ್ಕಲು ಕೂರಿಸಿದಾಗ 'ರಾಣಿ' ಎಂದು ಕರೆಯುವ ಮೇರಿ ಮಾತೆಯ ನೆನಪಿಗೆ ರಾಣಿಪುರಂ ಆಯಿತು. ಬರುವ ದಾರಿಯಲ್ಲಿ ರಾಜಪುರಂ ಸಿಗುತ್ತದೆ, ಅದು 1943ರ ಒಕ್ಕಲು.

ಹೊಸದುರ್ಗದಿಂದ, ಅಂದರೆ ಕಾಞಂಗಾಡಿನಿಂದ, 48 ಕಿಲೋಮೀಟರ್, ಕಾಸರಗೋಡಿನಿಂದ 85. ರೈಲಿನಲ್ಲಿ ಬರುವವರು ಕಾಞಂಗಾಡಿನಲ್ಲಿ ಇಳಿದು ಪಾಣತ್ತೂರು ಬಸ್ಸು ಹಿಡಿಯಬೇಕು. ಬಸ್ಸಿನಲ್ಲಿ ಪನತ್ತಡಿಯಲ್ಲಿ ಇಳಿದರೆ ಅಲ್ಲಿಂದ ಮೇಲಕ್ಕೆ ಜೀಪು. ವಾಪಸಿನ ಜೀಪು ಎಷ್ಟು ಹೊತ್ತಿಗೆ ಬರಬೇಕೆಂದು ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳಿ, ಸಂಜೆ ಮೇಲೆ ಕಾಯುತ್ತಾ ನಿಂತರೆ ಯಾರೂ ಸಿಗುವುದಿಲ್ಲ. ಸುಳ್ಯದವರಿಗೆ ಆಲೆಟ್ಟಿ, ಕಲ್ಲಪಳ್ಳಿ ಮಾರ್ಗವಾಗಿ ಪಾಣತ್ತೂರು ಹತ್ತಿರ. ಭಾಗಮಂಡಲದಿಂದ ಕರಿಕೆ ದಾರಿಯೂ ಇದೆ. ಈ ಎರಡೂ ಕಾಡುದಾರಿ. ಮಳೆಗಾಲದಲ್ಲಿ ಮರ ಬೀಳುತ್ತದೆ, ಕತ್ತಲೆಗೆ ಆನೆ ಅಡ್ಡ ಬರುತ್ತದೆ. ಹಗಲಿನಲ್ಲೇ ದಾಟಿಕೊಳ್ಳಿ. ಊರಿನ ಮಾತು ಮಲಯಾಳ. ಕನ್ನಡ ಬೋರ್ಡಿಗೆ ಕಾಯಬೇಡಿ; ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುವವರು ಪಾಣತ್ತೂರಿನ ಕಡೆ ಸಿಗುತ್ತಾರೆ.

ಅರಣ್ಯ ಇಲಾಖೆಯ ಕೌಂಟರಿನಲ್ಲಿ ಟಿಕೆಟ್ ತೆಗೆದುಕೊಂಡೇ ಒಳಗೆ ಹೋಗಬೇಕು. ದರ ಮತ್ತು ಬಾಗಿಲು ಹಾಕುವ ಹೊತ್ತು ಆಗಾಗ ಬದಲಾಗುತ್ತದೆ. ಭಾರೀ ಮಳೆಯ ಎಚ್ಚರಿಕೆ ಇದ್ದ ದಿನ, ಆನೆ ದಾರಿಗೆ ಬಂದ ದಿನ, ಹುಲ್ಲು ಒಣಗಿ ಬೆಂಕಿಯ ಹೆದರಿಕೆ ಇದ್ದಾಗ ಬಿಡುವುದಿಲ್ಲ. ಹೊರಡುವ ಹಿಂದಿನ ದಿನ ವಿಚಾರಿಸದೆ ಎಂಬತ್ತೈದು ಕಿಲೋಮೀಟರ್ ಬರುವುದು ಬುದ್ಧಿವಂತಿಕೆಯಲ್ಲ.

ದಾರಿಯ ಮೊದಲ ಪಾಲು ಕಾಡು. ಮಳೆಗಾಲದಲ್ಲಿ ಇಲ್ಲಿ ತೋಡಿನ ಬದಿಯ ದಾರಿ, ದಾರಿಯ ಬದಿಯ ತೋಡು ಎಂಬ ಭೇದ ಉಳಿಯುವುದಿಲ್ಲ, ದಾರಿಯೇ ತೋಡು. ಮಣ್ಣು ತೊಳೆದು ಹೋಗಿ ಬೇರುಗಳು ಎದ್ದು ನಿಂತಿವೆ. ಒದ್ದೆ ಬೇರಿನ ಮೇಲೆ ಉದ್ದಕ್ಕೆ ಕಾಲಿಟ್ಟರೆ ಜಾರುವುದು ಖಂಡಿತ. ಅಡ್ಡಕ್ಕೆ, ಅಂಗಾಲಿನ ನಡುಭಾಗ ಬೇರಿನ ಮೇಲೆ ಬರುವಂತೆ ಇಡಬೇಕು. ಇನ್ನೂ ಒಳ್ಳೆಯದು ಬೇರನ್ನು ದಾಟಿ ಮಣ್ಣಿಗೇ ಹೆಜ್ಜೆ ಹಾಕುವುದು. ದುಬಾರಿ ಬೂಟು ಬೇಕಿಲ್ಲ. ಅಡಿಯಲ್ಲಿ ಉಬ್ಬುಗಳಿರುವ ಅಗ್ಗದ ಪ್ಲಾಸ್ಟಿಕ್ ಶೂ ಜಿಮ್ಮಿಗೆ ಹಾಕುವ ಬಿಳಿ ಶೂಗಿಂತ ಮೇಲು. ಸಿಳ್ಳೆ ಹಾಕುವ ಕಪ್ಪು-ನೀಲಿ ಹಕ್ಕಿಯೊಂದು ಈ ಭಾಗದಲ್ಲಿ ಬೆಳಿಗ್ಗೆ ಬೆಳಿಗ್ಗೆ ಹಾಡುತ್ತದೆ. ಯಾರೋ ಹುಡುಗ ದಾರಿ ತಪ್ಪಿ ಸಿಳ್ಳೆ ಹೊಡೆಯುತ್ತಿದ್ದಾನೆ ಎಂದು ಹುಡುಕಲು ಹೋಗಬೇಡಿ.

ಈಗ ಉಂಬುಳು. ಜೂನಿನಿಂದ ಅಕ್ಟೋಬರಿನವರೆಗೆ ಈ ನಡಿಗೆಯ ಸುಖದುಃಖ ನಿರ್ಧರಿಸುವುದು ಇವೇ. ಸೊಪ್ಪುತರಗಿನ ಮೇಲೆ ದಾರದ ತುಂಡಿನಂತೆ ಎದ್ದು ನಿಂತು, ತುದಿಯನ್ನು ಅತ್ತ ಇತ್ತ ಆಡಿಸುತ್ತಾ ಕಾಯುತ್ತಿರುತ್ತವೆ. ನೆಲದ ಅದುರು, ಮೈಯ ಬಿಸಿ, ಉಸಿರು ಇವುಗಳಿಂದ ಜನ ಬಂದದ್ದು ತಿಳಿಯುತ್ತದೆ. ಆದ್ದರಿಂದ ಸಾಲಿನಲ್ಲಿ ಮೊದಲು ನಡೆದವರಿಗಿಂತ ಹಿಂದಿನವರಿಗೇ ಹೆಚ್ಚು ಹತ್ತುತ್ತವೆ. ಫೋಟೋಕ್ಕಾಗಿ ನಿಂತವರಿಗೆ ಎಲ್ಲರಿಗಿಂತ ಹೆಚ್ಚು. ಸಡಿಲ ಹೆಣಿಗೆಯ ಕಾಲುಚೀಲದ ಕಣ್ಣಿನಲ್ಲೇ ನುಸುಳುತ್ತವೆ. ಒತ್ತು ನೇಯ್ಗೆಯ ಬಟ್ಟೆಯ ಚೀಲ, ಮೊಣಕಾಲಿನವರೆಗೆ, ಪ್ಯಾಂಟಿನ ಮೇಲೆ ಎಳೆದು ಕಟ್ಟಿದರೆ ಮುಕ್ಕಾಲು ತೊಂದರೆ ತಪ್ಪಿತು. ತೋಟದಲ್ಲಿ ಕೆಲಸ ಮಾಡುವವರ ಉಪಾಯ ಈಗಲೂ ಒಳ್ಳೆಯದೇ: ಕಲ್ಲುಪ್ಪನ್ನು ಬಟ್ಟೆಯಲ್ಲಿ ಕಿಳಿ ಕಟ್ಟಿ ಕೋಲಿನ ತುದಿಗೆ ಬಿಗಿದು, ಶೂ ಮೇಲೆ ಏರುತ್ತಿರುವ ಉಂಬುಳಿಗೆ ಒಮ್ಮೆ ತಾಗಿಸುವುದು. ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ ಚೀಲವೂ ಕೆಲಸ ಮಾಡುತ್ತದೆ, ಆದರೆ ಅದು ಹೊರಗಿನ ಚೀಲ ಮಾತ್ರ ಆಗಿರಲಿ. ಹೊಗೆಸೊಪ್ಪಿನ ವಿಷ ಒದ್ದೆ ಚರ್ಮದಿಂದ ಒಳಗೆ ಇಳಿಯುತ್ತದೆ. ಮಕ್ಕಳಿಗೆ ಬೇಡವೇ ಬೇಡ. ಎಣ್ಣೆ ಸವರುವುದು ಒಂದು ಮಳೆಗೆ ತೊಳೆದುಹೋಗುವ ಸಂಗತಿ.

ಕಚ್ಚಿದ್ದನ್ನು ಹಿಡಿದೆಳೆಯಬೇಡಿ. ಉಪ್ಪು ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದೂ ಬೇಡ. ಆಗ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಾರುತ್ತದೆ, ಗಾಯ ಹುಣ್ಣಾಗುತ್ತದೆ. ಉಪ್ಪಿನ ಕಿಳಿ ಏರುತ್ತಿರುವುದಕ್ಕೆ, ಕಚ್ಚಿದ್ದಕ್ಕಲ್ಲ. ಸಪೂರ ತುದಿ ಬಾಯಿ. ಅದರ ಬುಡಕ್ಕೆ ಉಗುರು ಇಟ್ಟು ಬದಿಗೆ ಜಾರಿಸಿ, ಆಮೇಲೆ ದಪ್ಪ ತುದಿಯನ್ನು ಹಾಗೆಯೇ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಗಂಟೆಗಟ್ಟಲೆ ಒಸರುತ್ತಲೇ ಇರಬಹುದು. ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಕಟ್ಟಿದರೆ ಸಾಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಡಿಸೆಂಬರಿಗೆ ಬನ್ನಿ.

ಕಾಡು ಮುಗಿದು ಮುಳಿಹುಲ್ಲು ಶುರುವಾಗುವ ಗೆರೆ ಇದೆಯಲ್ಲ, ಈ ನಡಿಗೆಯ ಬೆಲೆ ಇರುವುದು ಅಲ್ಲಿ. ನಾಲ್ಕು ಹೆಜ್ಜೆಯಲ್ಲಿ ಕತ್ತಲು ಹೋಗಿ ಬೆಳಕು, ಗಾಳಿ. ಮರಗಳು ನೀರು ಇಳಿಯುವ ಮಡಿಕೆಗಳಲ್ಲಿ ಮಾತ್ರ ಗುಂಪುಗೂಡಿವೆ. ಏಣಿನ ಮೇಲೆ ತೆಳು ಮಣ್ಣು, ಬೀಸುಗಾಳಿ. ಅಲ್ಲಿ ಹುಲ್ಲೇ ಬದುಕುತ್ತದೆ. ನೆತ್ತಿಯಿಂದ ಪೂರ್ವಕ್ಕೆ ಕೊಡಗಿನ ಕಾಡು, ಪಶ್ಚಿಮಕ್ಕೆ ರಬ್ಬರು ತೋಟಗಳಾಗಿ ಇಳಿಯುವ ಗುಡ್ಡೆಗಳು. ಚಂದ್ರಗಿರಿ ಹೊಳೆಗೆ ನೀರು ಕೂಡುವುದು ಈ ಸಾಲಿನಲ್ಲೇ. ಡಿಸೆಂಬರ್, ಜನವರಿಯ ಬೆಳಿಗ್ಗೆ ಕಣಿವೆಯಲ್ಲಿ ಮಂಜು ತಂಗಿರುತ್ತದೆ, ಬಿಸಿಲೇರಿದಂತೆ ಕರಗುತ್ತದೆ. ಅದನ್ನು ಮೇಲಿನಿಂದ ನೋಡಬೇಕಾದರೆ ಬಾಗಿಲು ತೆರೆದ ಕೂಡಲೇ ಹೊರಡಬೇಕು. ಹತ್ತು ಗಂಟೆಯ ಮೇಲೆ ಸಿಗುವುದು ಬರೀ ಬಿಸಿಲು. ಜುಲೈಯಲ್ಲಿ ಮಂಜು ನೆತ್ತಿಯ ಮೇಲೇ ಕೂತಿರುತ್ತದೆ. ಹತ್ತು ಮಾರು ಆಚೆಯದು ಕಾಣುವುದಿಲ್ಲ, ನೋಟಕ್ಕಾಗಿ ಬಂದವರಿಗೆ ದುಡ್ಡು ದಂಡ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಸುತ್ತಲೂ ನಿಮಗಿಂತ ಎತ್ತರದ್ದು ಏನೂ ಇಲ್ಲದ ಆ ಬೋಳಿನಲ್ಲಿ ಸಿಡಿಲಿಗೆ ನೀವೇ ಮೊದಲ ಗುರಿ. ಈ ತಿಂಗಳುಗಳಲ್ಲಿ ಹನ್ನೆರಡರೊಳಗೆ ಕಾಡಿನ ಗೆರೆಗೆ ಇಳಿದಿರಬೇಕು, ಮೋಡ ಕಪ್ಪಾದರೆ ಕೂಡಲೇ. ಅಲ್ಲಿಯೂ ಒಂಟಿ ಮರದ ಬುಡ ಬೇಡ.

ಹತ್ತಲು ಒಂದರಿಂದ ಒಂದೂವರೆ ಗಂಟೆ, ಇಳಿಯಲು ಒಂದು ಗಂಟೆ. ಮೇಲಿನ ಹುಲ್ಲಿನ ದಾರಿ ಸವೆದು ಗಟ್ಟಿ ಮಣ್ಣಾಗಿದೆ. ಒಣಗಿದ್ದರೆ ಅದರ ಮೇಲಿನ ಪುಡಿಗಲ್ಲು ಉರುಳುತ್ತದೆ, ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಬೇಸರದಿಂದ ನೇರ ಇಳಿಯುವವರು ಕುಂಡೆ ಊರಿ ಇಳಿಯುತ್ತಾರೆ. ಮೊಣಕಾಲು ಸ್ವಲ್ಪ ಬಾಗಿಸಿ, ಹೆಜ್ಜೆ ಗಿಡ್ಡ ಮಾಡಿ, ಕೋಲನ್ನು ಕೆಳಗಿನ ಬದಿಗೆ ಊರಿ ಇಳಿಯಿರಿ. ದಾರಿ ಬಿಟ್ಟು ಹುಲ್ಲಿನಲ್ಲಿ ನಡೆದರೆ ಜಾರುವುದಿಲ್ಲ ನಿಜ, ಆದರೆ ಬೇಸಗೆಯಲ್ಲಿ ಉಣ್ಣಿ ಹತ್ತುತ್ತದೆ, ಹಾವೂ ಕಾಣುವುದಿಲ್ಲ.

ಆನೆಯ ವಿಷಯ ತಮಾಷೆಯಲ್ಲ. ಹುಲ್ಲಿಗಾಗಿ ಮೇಲಕ್ಕೇ ಬರುತ್ತವೆ. ಲದ್ದಿ ನೋಡಿ: ಹೊರಮೈ ಒಣಗಿ, ನಾರು ಬಿಳಿಚಿದ್ದರೆ ಹಳೆಯದು. ಹೊಳೆಯುವ ಒದ್ದೆ, ಘಾಟು ವಾಸನೆ, ಮುರಿದ ಕೊಂಬೆಯಲ್ಲಿ ಇನ್ನೂ ಬಾಡದ ಎಲೆ ಇದ್ದರೆ ಅಲ್ಲಿಂದಲೇ ಹಿಂದೆ ತಿರುಗಿ.

ನೆತ್ತಿಯ ಮೇಲೆ ನೀರಿಲ್ಲ, ನೆರಳಿಲ್ಲ. ಒಬ್ಬೊಬ್ಬರು ಎರಡು ಲೀಟರ್ ಹೊತ್ತುಕೊಂಡೇ ಹೋಗಬೇಕು, ಬೇಸಗೆಯಲ್ಲದಿದ್ದರೆ ಒಂದೂವರೆ. ಬುತ್ತಿಗೆ ಅವಲಕ್ಕಿ, ಬಾಳೆಹಣ್ಣು ಸಾಕು. ಪ್ಲಾಸ್ಟಿಕ್ ಕಟ್ಟು ಒಯ್ಯಬೇಡಿ. ಸಣ್ಣ ಮಕ್ಕಳು, ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಧರ್ಮತ್ತಡ್ಕದ ಪೊಸಡಿಗುಂಪೆ ಗುಡ್ಡೆಗೆ ಹೋಗುವುದೇ ಲೇಸು. ಅಲ್ಲಿ ಇಂಥ ಕಾಡಿಲ್ಲ, ಆದರೆ ನಡೆಯುವುದೂ ಕಡಿಮೆ, ಕಡಲೂ ಕಾಣುತ್ತದೆ.

ಡಿಸೆಂಬರ್, ಜನವರಿಯ ರಾಣಿಪುರಂಗೆ ಐದರಲ್ಲಿ ನಾಲ್ಕೂವರೆ ಅಂಕ. ಜುಲೈಯದ್ದಕ್ಕೆ ಎರಡು, ಅದೂ ಕಾಡಿನ ಪಾಲಿಗೆ ಮಾತ್ರ. ಕೆಳಗೆ ಬಂದ ಮೇಲೆ ಜೀಪು ಹತ್ತುವ ಮೊದಲು ಶೂ ಬಿಚ್ಚಿ, ಶೂವಿನ ನಾಲಗೆಯ ಅಡಿ, ಕಾಲುಚೀಲದ ಮಡಿಕೆ, ಪ್ಯಾಂಟಿನ ಅಂಚು ಬಿಡಿಸಿ ನೋಡಿ. ಉಳಿದದ್ದು ಪನತ್ತಡಿ ತಲುಪುವಷ್ಟರಲ್ಲಿ ಪಕ್ಕದವರ ಕಾಲಿಗೆ ಹೋಗಿರುತ್ತದೆ.