ಉಮಾಶ್ರೀಯವರ ಸಾಕವ್ವ

ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ರಂಗಕ್ಕೆ ಬಂದ, ದೇವನೂರ ಮಹಾದೇವರ ಕಿರುಕಾದಂಬರಿ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜವನ್ನು ಹುಡುಕುತ್ತಾ ಶಪಿಸುವ ಸಾಕವ್ವನನ್ನು ನೆನೆದರೆ ರಂಗಾಸಕ್ತರ ಕಣ್ಣೆದುರು ಮೊದಲು ಬರುವವರು ಉಮಾಶ್ರೀ. ತುಮಕೂರು ಜಿಲ್ಲೆಯ ನೊಣವಿನಕೆರೆಯವರಾದ ಅವರು ಈ ಕೃತಿಯ ನಂಜನಗೂಡು ಸೀಮೆಯ ಆಡುಮಾತನ್ನು ಅನುಕರಿಸುವುದಿಲ್ಲ, ಅದರೊಳಗೇ ಬದುಕುತ್ತಾರೆ. ಬೈಗುಳದಲ್ಲಿ ಏರಿದ ದನಿ ಮರುಗಳಿಗೆಯೇ ಮೊಮ್ಮಕ್ಕಳ ಮೇಲಿನ ಅಕ್ಕರೆಗೆ ಇಳಿಯುವಾಗ ನಡುವೆ ಬಿರುಕು ಕಾಣುವುದಿಲ್ಲ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುವ ಇರುಳಿನ ದೃಶ್ಯದಲ್ಲಂತೂ ಈ ಮುದುಕಿಯ ಹಸಿವು, ಭಯ, ಸಂಭ್ರಮ ಮೂರೂ ಒಂದೇ ಮೈಯಲ್ಲಿ ಸೇರುತ್ತವೆ.

ಸಿನಿಮಾದ ಹಾಸ್ಯಪಾತ್ರಗಳಿಂದ ಅವರನ್ನು ಬಲ್ಲ ಪ್ರೇಕ್ಷಕರು ಕರುಳು ಹಿಂಡುವ ಕಡೆಯಲ್ಲೂ ನಗಲು ಸಿದ್ಧರಾಗಿರುತ್ತಾರೆ ಎಂಬುದೊಂದು ತೊಡಕು. ಇದು ನಟಿಯ ದೋಷವಲ್ಲ. ‘ಗುಲಾಬಿ ಟಾಕೀಸ್’ ಚಿತ್ರ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು, ನಿಜ. ಆದರೆ ಚಿದಂಬರರಾವ್ ಜಂಬೆಯವರು ನಿರ್ದೇಶಿಸಿದ ಏಕವ್ಯಕ್ತಿ ಪ್ರಯೋಗ ‘ಶರ್ಮಿಷ್ಠೆ’ಯಲ್ಲಿ, ಮರೆಗೆ ನಿಲ್ಲಲು ಸಹನಟರೇ ಇಲ್ಲದ ರಂಗದ ಮೇಲೆ, ಅರಮನೆಯಿಂದ ದಾಸ್ಯಕ್ಕೆ ಜಾರಿದವಳ ಕಥೆಯನ್ನು ಒಬ್ಬರೇ ಹೊತ್ತು ನಡೆಸುವ ಈ ಕಲಾವಿದೆಯ ಕಸುವನ್ನು ಅಳೆಯಲು ನನಗೆ ಕ್ಯಾಮೆರಾಕ್ಕಿಂತ ರಂಗಮಂಚವೇ ಸರಿಯಾದ ಜಾಗವೆನಿಸುತ್ತದೆ.