ಮಕ್ಕಳ ಸೊಂಟದ ಎಕ್ಸ್‌ರೇ: ಒಳಗೆ ಹೋಗುವ ಮೊದಲು ಒಂದು ಮಾತು ಕೇಳಿ

ನಮ್ಮ ಮಗಳಿಗೆ ಒಂಬತ್ತು ವರ್ಷ. ಶಾಲೆಯ ಗ್ಯಾದರಿಂಗ್‌ಗೆ (ವಾರ್ಷಿಕೋತ್ಸವಕ್ಕೆ) ಅಂತ ದಿನಾ ಇಪ್ಪತ್ತು ಸಲ ಚಕ್ರಾಸನ ಹಾಕಿ ಸೊಂಟ ನೋವು ತಂದುಕೊಂಡಳು. ನಾಲ್ಕನೇ ದಿನ ಇಲ್ಲೇ ವಿಜಯಪುರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಅವಳ ಬೆನ್ನು ಮುಟ್ಟಿಯೂ ನೋಡಲಿಲ್ಲ. ಚೀಟಿ ಬರೆದರು: ನೇರ, ಪಕ್ಕದಿಂದ, ಎರಡು ಓರೆ. ನಾಲ್ಕು ಫಿಲ್ಮ್.

ಎಕ್ಸ್‌ರೇ ಟೇಬಲ್ ತಣ್ಣಗಿತ್ತು. ಮಗಳು "ಅವ್ವಾ, ಥಂಡಿ" ಅಂತ ಅಲುಗಾಡಿದಳು. ಎರಡು ಫಿಲ್ಮ್ ಕೆಟ್ಟವು, ಮತ್ತೆ ತೆಗೆದರು. ಒಟ್ಟು ಆರು ಸಲ. "ಅಕ್ಕಾರ, ನೀವ ಹಿಡ್ಕೋರಿ" ಅಂದ ಎಕ್ಸ್‌ರೇ ತೆಗೆಯುವ ಹುಡುಗ, ನಾನು ಬಸುರಿಯೋ ಅಲ್ಲವೋ ಅಂತ ಕೇಳಲಿಲ್ಲ. ಕಿರಣ ತಡೆಯುವ ಸೀಸದ ಏಪ್ರನ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಅದರ ಮೇಲೆ ಯಾರದೋ ಊಟದ ಚೀಲ. ಮಗಳ ಮೈಮೇಲೆ ಬಿದ್ದ ಬೆಳಕಿನ ಚೌಕ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎದೆಯಿಂದ ತೊಡೆಯವರೆಗೆ ಹರಡಿತ್ತು. ಕಿರಣ ಬೀಳುವುದು ಆ ಬೆಳಕು ಬಿದ್ದಷ್ಟು ಜಾಗಕ್ಕೇ ಅಂತ ನನಗೆ ಆಗ ಗೊತ್ತಿರಲಿಲ್ಲ. ಸೊಂಟ ನೋಡಲು ಅಷ್ಟಗಲ ಯಾಕೆ ಬೇಕು?

ರಿಪೋರ್ಟಿನಲ್ಲಿ 'ಸ್ಪೈನಾ ಬೈಫಿಡಾ ಆಕಲ್ಟಾ' ಅಂತ ಬರೆದಿತ್ತು. ನಮ್ಮ ಅತ್ತೆ ಎರಡು ದಿನ ಊಟ ಬಿಟ್ಟರು. ಮನೆಯಲ್ಲಿ ಎಲ್ಲರೂ ಮೊಬೈಲ್‌ನಲ್ಲಿ ಹುಡುಕಿ ಹುಡುಕಿ ಇನ್ನಷ್ಟು ಹೆದರಿದೆವು.

ಆಮೇಲೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅವರು ರಿಪೋರ್ಟ್ ನೋಡಿ ನಕ್ಕರು. ಆ ಹೆಸರಿನ ಅರ್ಥ ಇಷ್ಟೇ, ಬೆನ್ನುಮೂಳೆಯ ಕೆಳಗಿನ ಕಮಾನು ಪೂರ್ತಿ ಕೂಡಿಲ್ಲ; ಆ ವಯಸ್ಸಿನಲ್ಲಿ ಅದು ಸಾಮಾನ್ಯ, ನೋವಿಗೂ ಅದಕ್ಕೂ ಸಂಬಂಧ ಇಲ್ಲ ಅಂದರು. ಆಮೇಲೆ ಅವಳನ್ನು ಒಂಟಿ ಕಾಲಲ್ಲಿ ನಿಲ್ಲಿಸಿ ಹಿಂದಕ್ಕೆ ಬಾಗಿಸಿದರು. ಜ್ವರ ಇದೆಯಾ, ರಾತ್ರಿ ನೋವಿಗೆ ಎಚ್ಚರ ಆಗುತ್ತಾ, ತೂಕ ಇಳಿದಿದೆಯಾ, ಕಾಲಲ್ಲಿ ಶಕ್ತಿ ಕಡಿಮೆಯಾ, ಮೂತ್ರ ತಡೆಯಲು ಆಗುತ್ತಿಲ್ಲವಾ, ಎಲ್ಲಾದರೂ ಜೋರಾಗಿ ಬಿದ್ದಳಾ? ಇವುಗಳಲ್ಲಿ ಯಾವುದಾದರೂ ಇದ್ದರೆ ಒಂದು ದಿನವೂ ತಡ ಮಾಡಬಾರದಂತೆ. ನೋವು ವಾರಗಟ್ಟಲೆ ಬಿಡದಿದ್ದರೂ ಮತ್ತೆ ತೋರಿಸಬೇಕಂತೆ. ನಮ್ಮ ಮಗಳಿಗೆ ಒಂದೂ ಇರಲಿಲ್ಲ. ಸುಮ್ನೆ ಸ್ನಾಯು ಹಿಡಿದಿತ್ತು.

ಕಿರಣದ ಬಗ್ಗೆಯೂ ಕೇಳಿದೆ. ದೊಡ್ಡವರ ಲೆಕ್ಕದಲ್ಲಿ ಸೊಂಟದ ಎಕ್ಸ್‌ರೇಗೆ ಎದೆಯ ಎಕ್ಸ್‌ರೇಗಿಂತ 10 ಪಟ್ಟಿಗಿಂತಲೂ ಜಾಸ್ತಿ ಕಿರಣ ಬೇಕು. ದಪ್ಪ ಭಾಗ ಅಲ್ವಾ, ಹೊಟ್ಟೆ ದಾಟಿ ಹೋಗಬೇಕು. ಹೆಣ್ಣುಮಕ್ಕಳ ಅಂಡಾಶಯ ಅದೇ ದಾರಿಯಲ್ಲಿ ಇರುತ್ತದೆ. ಒಮ್ಮೆ ತೆಗೆಸಿದ್ದಕ್ಕೆ ಗಾಬರಿ ಬೇಡ, ಅಪಾಯ ತೀರಾ ಸಣ್ಣದು, ಆದರೆ ಬೇಡದ್ದನ್ನು ಯಾಕೆ ತೆಗೆಸಬೇಕು ಅಂದರು. ಓರೆ ಫಿಲ್ಮ್‌ಗಳಿಂದ ಕಿರಣ ಹೆಚ್ಚುತ್ತದೆಯೇ ಹೊರತು ಹೊಸದಾಗಿ ತಿಳಿಯುವುದು ಕಡಿಮೆಯಂತೆ.

ಹಾಗಾಗಿ ಚೀಟಿ ಕೈಗೆ ಬಂದಾಗ ಡಾಕ್ಟರನ್ನು ಕೇಳಿ: ಇದರಲ್ಲಿ ಏನು ಹುಡುಕುತ್ತಿದ್ದೀರಿ, ಎಷ್ಟು ಫಿಲ್ಮ್ ಬೇಕು, ಯಾಕೆ? ಎಕ್ಸ್‌ರೇ ರೂಮಿನಲ್ಲಿ ಬೆಳಕಿನ ಚೌಕ ಚಿಕ್ಕದು ಮಾಡಿಸಿ. ನೀವೇ ಹಿಡಿಯಬೇಕಾದರೆ ಏಪ್ರನ್ ಕೇಳಿ ತೊಡಿ. ಬಸುರಿಯಾಗಿದ್ದರೆ ಒಳಗೆ ನಿಲ್ಲಲೇಬೇಡಿ, ಬೇರೆಯವರನ್ನು ಕಳಿಸಿ. ಕೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾರೆ ಅಂತ ನಾನು ಸುಮ್ಮನಿದ್ದೆ.

ಚಕ್ರಾಸನ ಬಿಡಿಸಿದ ಮೇಲೆ ಹತ್ತು ದಿನಕ್ಕೆ ನೋವು ಹೋಯಿತು. ಗ್ಯಾದರಿಂಗ್‌ನಲ್ಲಿ ಲೇಝಿಮ್ ಆಡಿದಳು. ಫಿಲ್ಮ್‌ಗಳ ಕವರ್ ತಿಜೋರಿಯಲ್ಲಿ ಇಟ್ಟಿದ್ದೇನೆ. ಮುಂದೆ ಯಾರಾದರೂ ಮತ್ತೆ ತೆಗೆಸಿ ಅಂದರೆ ಮೊದಲು ಅದನ್ನೇ ಮುಂದಿಡುವುದು.