ಭಾಷೆ ಕಲಿಸಿದ ಆ ಒಂದು ವರ್ಷ: ಕೊರಿಯಾ ಸರ್ಕಾರದ ವಿದ್ಯಾರ್ಥಿವೇತನದ ವಿಮರ್ಶೆ

ದಕ್ಷಿಣ ಕೊರಿಯಾದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಊರಿಗೆ ಮರಳಿದ ಮೇಲೆ, ಅಲ್ಲಿ ಓದಬೇಕೆಂದಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಪಾಠ ಎಲ್ಲಾ ಇಂಗ್ಲಿಷಿನಲ್ಲೇ ಇರುತ್ತೆ ಅಲ್ವಾ?" ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾನು ಓದಿದ ವ್ಯವಸ್ಥೆಯನ್ನೇ ಪೂರ್ತಿ ವಿವರಿಸಬೇಕಾಗುತ್ತದೆ. ಅದರ ಹೆಸರು ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್. ವಿದ್ಯಾರ್ಥಿಗಳ ಬಾಯಲ್ಲಿ ಜಿಕೆಎಸ್. 1967ರಿಂದ ನಡೆದುಬಂದಿರುವ ಈ ಯೋಜನೆ ಕೊರಿಯಾದ ಶಿಕ್ಷಣ ಸಚಿವಾಲಯದ ಅಧೀನದ ಸಂಸ್ಥೆಯೊಂದರ ಹೊಣೆಯಲ್ಲಿದೆ. ಮೊದಲ ಒಂದು ವರ್ಷ ಕೊರಿಯನ್ ಭಾಷೆಯನ್ನು ಮಾತ್ರ ಕಲಿಸುತ್ತಾರೆ, ಆಮೇಲೆ ಎರಡು ವರ್ಷ ಸ್ನಾತಕೋತ್ತರ ಅಥವಾ ಮೂರು ವರ್ಷ ಡಾಕ್ಟರೇಟ್ ವ್ಯಾಸಂಗ. ಬಹಳ ಮಂದಿ ಆ ಮೊದಲ ವರ್ಷವನ್ನು ದಂಡದ ವರ್ಷವೆಂದು ಎಣಿಸುತ್ತಾರೆ. ನಾನೂ ಹೊರಡುವಾಗ ಹಾಗೆಯೇ ಎಣಿಸಿದ್ದೆ. ಈಗ ಕೇಳಿದರೆ, ಇಡೀ ವಿದ್ಯಾರ್ಥಿವೇತನದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಅದೇ ಎಂದು ಹೇಳುತ್ತೇನೆ.

ಮೊದಲು ಹಣದ ವಿಷಯವನ್ನು ಮುಗಿಸಿಬಿಡುತ್ತೇನೆ. ನಾನು ಸೇರಿದಾಗ ತಿಂಗಳಿಗೆ 10 ಲಕ್ಷ ವೊನ್, ಅಂದರೆ ಸುಮಾರು 60ರಿಂದ 65 ಸಾವಿರ ರೂಪಾಯಿ ಸಿಗುತ್ತಿತ್ತು. ನಂತರದ ವರ್ಷಗಳಲ್ಲಿ ಇದನ್ನು ಏರಿಸಿದ್ದಾರೆ. ಬೋಧನಾ ಶುಲ್ಕ ಕಟ್ಟಬೇಕಾಗಿಲ್ಲ, ಹೋಗಿಬರುವ ವಿಮಾನದ ಖರ್ಚು ಅವರದೇ, ಹೋದ ಹೊಸತರಲ್ಲಿ ನೆಲೆ ನಿಲ್ಲಲೆಂದು 2 ಲಕ್ಷ ವೊನ್ ಪ್ರತ್ಯೇಕವಾಗಿ ಕೊಡುತ್ತಾರೆ. ಹಾಸ್ಟೆಲ್ ಶುಲ್ಕವನ್ನು ನಾವೇ ಕಟ್ಟಿಕೊಳ್ಳಬೇಕು. ಸೋಲ್ ನಗರದ ಹೊರಗೆ ಹಾಸ್ಟೆಲಿನಲ್ಲಿದ್ದು ಹಿಡಿತದಿಂದ ಖರ್ಚು ಮಾಡಿದರೆ ಈ ಹಣ ಸಾಕಾಗಿ ಸ್ವಲ್ಪ ಉಳಿಯುತ್ತದೆ. ಸಾಲ ಮಾಡದೆ ವಿದೇಶದಲ್ಲಿ ಓದುವ ದಾರಿ ಹುಡುಕುವ ಮನೆಗಳಿಗೆ ಇದು ದೊಡ್ಡ ಆಸರೆ.

ಅರ್ಜಿಗೆ ಎರಡು ದಾರಿಗಳಿವೆ. ರಾಯಭಾರ ಕಚೇರಿಯ ಮೂಲಕ ಹೋದರೆ ಮೂರು ವಿಶ್ವವಿದ್ಯಾಲಯಗಳನ್ನು ಆರಿಸಿಕೊಳ್ಳಬಹುದು; ನೇರವಾಗಿ ವಿಶ್ವವಿದ್ಯಾಲಯಕ್ಕೇ ಹಾಕಿದರೆ ಒಂದನ್ನು ಮಾತ್ರ. ಎರಡು ದಾರಿಯಲ್ಲೂ ಒಟ್ಟಿಗೆ ಅರ್ಜಿ ಹಾಕುವಂತಿಲ್ಲ. ಸ್ನಾತಕೋತ್ತರದವರಿಗೆ ಫೆಬ್ರವರಿ, ಮಾರ್ಚ್ ತಿಂಗಳುಗಳು ಅರ್ಜಿಯ ಕಾಲ. ಆದರೆ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರಗಳಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ದಾಖಲೆ ವಿದೇಶದಲ್ಲೂ ಮಾನ್ಯವೆಂದು ಸಾರುವ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೀಳಬೇಕಾಗುವುದರಿಂದ, ಹಿಂದಿನ ವರ್ಷದ ನವೆಂಬರಿನಲ್ಲೇ ಓಡಾಟ ಶುರು ಮಾಡುವುದು ಕ್ಷೇಮ. ಒಮ್ಮೆ ಕೊಟ್ಟ ಕಾಗದಪತ್ರಗಳನ್ನು ಅವರು ಹಿಂದಿರುಗಿಸುವುದಿಲ್ಲವಾದ್ದರಿಂದ, ಮತ್ತೆ ಸಿಗದ ಮೂಲ ಪ್ರಮಾಣಪತ್ರವನ್ನು ಲಕೋಟೆಗೆ ಹಾಕಲೇಬೇಡಿ. ಇಷ್ಟಕ್ಕೆ ಮಧ್ಯವರ್ತಿಗಳಿಗೆ ಹಣ ಸುರಿಯುವ ಅಗತ್ಯ ಎಳ್ಳಷ್ಟೂ ಇಲ್ಲ, ಏಕೆಂದರೆ ಪ್ರತಿ ವರ್ಷವೂ ಪ್ರಕಟವಾಗುವ ಮಾರ್ಗದರ್ಶಿಯನ್ನು ಎರಡು ಸಲ ಮನಸ್ಸಿಟ್ಟು ಓದಿದರೆ ಎಲ್ಲವೂ ಅದರಲ್ಲೇ ಇದೆ.

ಭಾಷಾ ವರ್ಷಕ್ಕೆ ನನ್ನನ್ನು ಹಾಕಿದ್ದು ಗ್ವಾಂಗ್ಜು ನಗರಕ್ಕೆ. ಪದವಿಯನ್ನು ಯಾವ ವಿಶ್ವವಿದ್ಯಾಲಯದಲ್ಲಿ ಓದಿದರೂ ಭಾಷೆ ಕಲಿಯುವುದು ಸಾಮಾನ್ಯವಾಗಿ ಬೇರೆ ಊರಿನಲ್ಲಿ. ಊರನ್ನು ಆರಿಸುವವರೂ ವಿದ್ಯಾರ್ಥಿವೇತನ ಕೊಡುವವರೇ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ನಾಲ್ಕು ಗಂಟೆ ಪಾಠ, ಹತ್ತು ವಾರಕ್ಕೆ ಒಂದು ಹಂತ, ಒಂದೊಂದು ಹಂತಕ್ಕೆ 200 ಗಂಟೆ. ಬೆಳಗ್ಗೆ ಒಂಬತ್ತಕ್ಕೆ ತರಗತಿ ಶುರುವಾಗುವುದೇ ಉಕ್ತಲೇಖನದಿಂದ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ಬರೆದು ತಪ್ಪಿಗೆ ಹತ್ತು ಸಲ ತಿದ್ದುತ್ತಿದ್ದೆವಲ್ಲ, ಅದೇ ಉಕ್ತಲೇಖನ. ಮೊದಲ ತಿಂಗಳು ನನ್ನ ಪುಸ್ತಕದ ತುಂಬ ಕೆಂಪು ಶಾಯಿ. ಕಾರಣ ನನಗೆ ಅರ್ಥವಾಗಿದ್ದು ಒಂದು ಪದದಿಂದ. 'ಗುಕ್' ಎಂದರೆ ಸಾರು, 'ಮುಲ್' ಎಂದರೆ ನೀರು. ಎರಡೂ ಸೇರಿ ಸಾರಿನ ತಿಳಿ. ಬರೆಯುವಾಗ 'ಗುಕ್ಮುಲ್', ಉಚ್ಚರಿಸುವಾಗ 'ಗುಙ್ಮುಲ್'. ನಾನು ಕಿವಿಗೆ ಬಿದ್ದಂತೆ ಬರೆದು ತಪ್ಪು ಮಾಡುತ್ತಲೇ ಇದ್ದೆ. ಒಂದು ದಿನ ಹೈಸ್ಕೂಲಿನ ವ್ಯಾಕರಣ ಪಾಠ ನೆನಪಾಯಿತು: ವಾಕ್ ಮತ್ತು ಮಯ ಸೇರಿದರೆ ವಾಙ್ಮಯ. ಅನುನಾಸಿಕ ಸಂಧಿ! ಆ ಹೊತ್ತಿನಿಂದ ಇಂತಹ ನೂರಾರು ಪದಗಳನ್ನು ನಾನು ಬಾಯಿಪಾಠ ಮಾಡದೆ ಸಂಧಿ ಬಿಡಿಸಿ ಬರೆಯತೊಡಗಿದೆ.

ಕನ್ನಡ ಬಲ್ಲವರಿಗೆ ಕೊರಿಯನ್ ಕಲಿಕೆಯಲ್ಲಿ ಸಿಗುವ ಈ ಅನುಕೂಲವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಎಂಬ ಕ್ರಮ ನಮ್ಮದೇ. ಪ್ರತ್ಯಯಗಳು ನಾಮಪದದ ಬೆನ್ನಿಗೇ ಅಂಟಿಕೊಳ್ಳುತ್ತವೆ. 'ನಾನು ಓದಿದ ಪುಸ್ತಕ' ಎಂಬುದನ್ನು ಅವರು 'ನೆಗ ಇಲ್ಗುನ್ ಚೆಕ್' ಎನ್ನುವಾಗ ನಮ್ಮ ಪದಕ್ಕೆ ಪದ ಹೊಂದುತ್ತದೆ, ನಡುವೆ ಇನ್ನೊಂದು ಪದವನ್ನು ತುರುಕಬೇಕಾಗಿಲ್ಲ. ಹೋಟೆಲಿನಲ್ಲಿ ಹೊಸ ತಿನಿಸೊಂದನ್ನು ಮುಂದಿಟ್ಟು 'ಮೊಗೊ ಬೊಸೆಯೊ' ಎಂದರೆ ಅಕ್ಷರಶಃ 'ತಿಂದು ನೋಡಿ'. 'ಮಾಡಿಕೊಡಿ' ಎಂಬುದಕ್ಕೆ ಕೊಡು ಎಂಬ ಧಾತುವನ್ನೇ ಸೇರಿಸುತ್ತಾರೆ, 'ತಿಂದುಬಿಟ್ಟೆ' ಎಂಬ ಭಾವಕ್ಕೆ ಎಸೆ ಎಂಬ ಧಾತುವನ್ನು ಸೇರಿಸುತ್ತಾರೆ. ಅಜ್ಜಿ ಬಂದಳು, ಅಜ್ಜಿ ಬಂದರು ಎಂಬ ವ್ಯತ್ಯಾಸವನ್ನು ಮನೆಯಲ್ಲೇ ಕಲಿತು ಬಂದವರಿಗೆ ಅಲ್ಲಿನ ಗೌರವವಾಚಕಗಳ ತರ್ಕ ಹೊಸದೆನಿಸುವುದಿಲ್ಲ. ಎರಡು ಭಾಷೆಗಳು ಒಂದೇ ಕುಲದವೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಲಿಯುವವನಿಗೆ ಆಗುವ ಉಪಕಾರವಂತೂ ಸುಳ್ಳಲ್ಲ. ನಮ್ಮ ತರಗತಿಯಲ್ಲಿ ಯುರೋಪಿನಿಂದ ಬಂದವರು ವಾಕ್ಯವನ್ನು ತಲೆಕೆಳಗು ಮಾಡಿ ಜೋಡಿಸಲು ತಿಣುಕುತ್ತಿದ್ದಾಗ, ನಾನು ಕನ್ನಡದಲ್ಲಿ ಯೋಚಿಸಿ ಪದಗಳನ್ನಷ್ಟೇ ಬದಲಿಸುತ್ತಿದ್ದೆ. ನಮ್ಮ ಹುಡುಗರು ಕೊರಿಯನ್ನನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೊರಟು ಇಲ್ಲದ ಕಷ್ಟ ಪಡುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ವರ್ಷದ ಕೊನೆಗೆ ಕೊರಿಯನ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಟೋಪಿಕ್ ಪರೀಕ್ಷೆಯಲ್ಲಿ 3ನೇ ಹಂತ ಬರಲೇಬೇಕು. ಬರದಿದ್ದರೆ ಇನ್ನೂ ಆರು ತಿಂಗಳು ಭಾಷಾ ತರಗತಿ, ಆಗಲೂ ಬರದಿದ್ದರೆ ವಿದ್ಯಾರ್ಥಿವೇತನ ರದ್ದು. 300 ಅಂಕಗಳಲ್ಲಿ 120 ಬಂದರೆ 3ನೇ ಹಂತ, 190 ಬಂದರೆ 5ನೇ ಹಂತ. 5 ಅಥವಾ 6ನೇ ಹಂತ ತಲುಪಿದವರಿಗೆ ಪದವಿ ವ್ಯಾಸಂಗದ ಕಾಲದಲ್ಲಿ ತಿಂಗಳಿಗೆ 1 ಲಕ್ಷ ವೊನ್ ಹೆಚ್ಚುವರಿ. ಬರವಣಿಗೆಯ ಭಾಗದ ಕೊನೆಯ ಪ್ರಶ್ನೆಗೆ ಚೌಕದ ಕಾಗದದ ಮೇಲೆ, ಚೌಕಕ್ಕೊಂದು ಅಕ್ಷರದಂತೆ 600ರಿಂದ 700 ಅಕ್ಷರಗಳ ಪ್ರಬಂಧ ಬರೆಯಬೇಕು. ನಾನು 4ನೇ ಹಂತದಲ್ಲಿ ನಿಂತೆ.

ಇನ್ನು ಆ ಇಂಗ್ಲಿಷಿನ ಪ್ರಶ್ನೆ. ಜನನ ಪ್ರಮಾಣ ಕುಸಿದು ಕೊರಿಯಾದ ವಿಶ್ವವಿದ್ಯಾಲಯಗಳಿಗೆ, ಮುಖ್ಯವಾಗಿ ಸೋಲ್ ಹೊರಗಿನವಕ್ಕೆ, ಸ್ಥಳೀಯ ವಿದ್ಯಾರ್ಥಿಗಳು ಕಡಿಮೆಯಾಗುತ್ತಿದ್ದಾರೆ. 2027ರ ಹೊತ್ತಿಗೆ 3 ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನು ಕರೆತರುವ ಗುರಿಯನ್ನು ಅಲ್ಲಿನ ಸರ್ಕಾರ 2023ರ ಆಗಸ್ಟ್‌ನಲ್ಲಿ ಘೋಷಿಸಿತು. ಹೀಗಾಗಿ ಪ್ರವೇಶ ಪ್ರಕಟಣೆಗಳಲ್ಲಿ ಇಂಗ್ಲಿಷ್ ಬೋಧನೆಯ ಮಾತು ಧಾರಾಳವಾಗಿ ಕಾಣಿಸುತ್ತದೆ. ನಾನು ಪರಿಸರ ಎಂಜಿನಿಯರಿಂಗ್ ಓದಿದ ವಿಭಾಗದ ಪ್ರಕಟಣೆಯಲ್ಲೂ ಅದು ಇತ್ತು. ಮೊದಲ ದಿನ ತರಗತಿಗೆ ಬಂದ ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿದ್ದ ಸ್ಲೈಡುಗಳನ್ನು ತೆರೆದರು, ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು, ಹಿಂದಿನ ಬೆಂಚಿನ ಒಬ್ಬ ಹುಡುಗ ಕೊರಿಯನ್‌ನಲ್ಲಿ ಕೇಳಿದ ಪ್ರಶ್ನೆಗೆ ಕೊರಿಯನ್‌ನಲ್ಲೇ ಉತ್ತರಿಸಿದರು, ಮತ್ತೆ ಇಂಗ್ಲಿಷಿಗೆ ಮರಳಲಿಲ್ಲ. ಆ ಸೆಮಿಸ್ಟರ್ ಪೂರ್ತಿ ಹಾಗೆಯೇ ನಡೆಯಿತು. ಲ್ಯಾಬ್ ಮೀಟಿಂಗ್, ಉಪಕರಣಗಳ ಮೇಲಿನ ಸೂಚನೆ, ಹಿರಿಯ ವಿದ್ಯಾರ್ಥಿಗಳಾದ 'ಸನ್ಬೆ'ಗಳು ಗುಂಪಿನ ಚಾಟ್‌ನಲ್ಲಿ ರಾತ್ರಿ ಹಾಕುವ ಸಂದೇಶ, ಎಲ್ಲವೂ ಕೊರಿಯನ್. ವಿದ್ಯಾರ್ಥಿವೇತನವಿಲ್ಲದೆ ಸ್ವಂತ ಖರ್ಚಿನಲ್ಲಿ ನೇರವಾಗಿ ಪದವಿಗೇ ಸೇರಿದ್ದ ನನ್ನ ಸಹಪಾಠಿಯೊಬ್ಬಳು ಭಾಷೆ ತಿಳಿಯದೆ ತರಗತಿಯಲ್ಲಿ ಧ್ವನಿ ಮುದ್ರಿಸಿಕೊಂಡು ರಾತ್ರಿಯೆಲ್ಲ ಅನುವಾದ ಮಾಡಿಕೊಳ್ಳುತ್ತಿದ್ದಳು. ಶುಲ್ಕ ಕಟ್ಟಿದವರಿಗೆ ಹೇಳಿದ ಭಾಷೆಯಲ್ಲಿ ಪಾಠ ಮಾಡದಿರುವುದು ಅನ್ಯಾಯ, ಇದನ್ನು ನಾನು ಮೆತ್ತಗೆ ಹೇಳಲಾರೆ. ನನ್ನನ್ನು ಉಳಿಸಿದ್ದು ಗ್ವಾಂಗ್ಜುವಿನ ಆ ಉಕ್ತಲೇಖನದ ಪುಸ್ತಕ. ಎಲ್ಲ ಕಡೆಯೂ ಹೀಗೇ ಇರುತ್ತದೆಂದಲ್ಲ. ಬಹುಪಾಲು ಇಂಗ್ಲಿಷಿನಲ್ಲೇ ಕಲಿಸುವ ಸಂಸ್ಥೆಗಳೂ ಅಲ್ಲಿವೆ.

ಊಟದ ವಿಷಯವನ್ನು ಬಿಡುವಂತಿಲ್ಲ, ಏಕೆಂದರೆ ನಮ್ಮವರಲ್ಲಿ ಅನೇಕರು ಸಸ್ಯಾಹಾರಿಗಳು. ವಿಶ್ವವಿದ್ಯಾಲಯದ ಕ್ಯಾಂಟೀನ್ ಅಗ್ಗ. 2017ರಲ್ಲಿ ಶುರುವಾದ ಸರ್ಕಾರಿ ನೆರವಿನ ಯೋಜನೆಯಡಿ ಹಲವು ಕಡೆ 1,000 ವೊನ್‌ಗೆ ಬೆಳಗಿನ ಊಟವೇ ಸಿಗುತ್ತದೆ. ಆದರೆ ಬರೀ ತರಕಾರಿಯಂತೆ ಕಾಣುವ ಸಾರಿನ ಗುಙ್ಮುಲ್ ಒಣಮೀನಿನಿಂದ ಮಾಡಿದ್ದಿರುತ್ತದೆ, ತರಕಾರಿಯನ್ನು ಹುದುಗಿಸಿ ಮಾಡುವ ಕಿಮ್ಚಿಯಲ್ಲಿ ಉಪ್ಪುಗಟ್ಟಿದ ಸೀಗಡಿ ಅಥವಾ ಮೀನಿನ ರಸ ಇರುತ್ತದೆ. 'ಗೋಗಿ ಪೆ ಜುಸೆಯೊ', ಮಾಂಸ ತೆಗೆದುಕೊಡಿ ಎಂದರೆ, ತರಕಾರಿ ಬೆರೆಸಿ ತಿನ್ನುವ ಅನ್ನವಾದ ಬಿಬಿಂಬಾಪ್ ಮೇಲಿನ ಮಾಂಸವನ್ನು ತೆಗೆಯುತ್ತಾರೆ. ಮೀನನ್ನು ಅವರಲ್ಲಿ ಅನೇಕರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದ ಅಮ್ಮ ಒಬ್ಬರು ಮೂರನೆಯ ವಾರದಿಂದ ನನ್ನನ್ನು ಕಂಡೊಡನೆ ಅನ್ನದ ಮೇಲೆ ಪಾಲಕ್, ಮೊಳಕೆ ಕಾಳು, ಅಣಬೆ ಮಾತ್ರ ಹಾಕಿ, ಕೇಳುವ ಮುಂಚೆಯೇ ಒಣಮೀನಿನ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದರು. ತೊಗರಿಬೇಳೆ, ಗೋಧಿ ಹಿಟ್ಟು, ಸಾಂಬಾರ ಪದಾರ್ಥಗಳಿಗೆ ಸೋಲ್‌ನ ಇಟೆವಾನ್‌ನಲ್ಲಿ ಮಸೀದಿಯ ಸುತ್ತಮುತ್ತಲ ಅಂಗಡಿಗಳಿವೆ. ಅನೇಕ ಹಾಸ್ಟೆಲುಗಳಲ್ಲಿ ಅಡುಗೆ ಮಾಡಲು ಅವಕಾಶವಿಲ್ಲ ಎಂಬುದನ್ನು ಮಾತ್ರ ಮರೆಯದೆ ವಿಚಾರಿಸಿಕೊಳ್ಳಿ.

ಐದಕ್ಕೆ ಅಂಕ ಕೊಡಬೇಕೆಂದರೆ ಭಾಷಾ ವರ್ಷಕ್ಕೆ ಐದು, ಪದವಿಯ ವ್ಯಾಸಂಗಕ್ಕೆ ಮೂರೂವರೆ. ಆ ಒಂದೂವರೆ ಅಂಕ ಕಳೆದುಕೊಳ್ಳದಿರುವುದು ಸ್ವಲ್ಪ ಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ. ಅರ್ಜಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಬರೆಯುವ ಮೊದಲು, ನೀವು ಸೇರಬೇಕೆಂದಿರುವ ಲ್ಯಾಬ್‌ನಲ್ಲಿ ಈಗ ಓದುತ್ತಿರುವ ವಿದೇಶಿ ವಿದ್ಯಾರ್ಥಿಯೊಬ್ಬರಿಗೆ ಮೇಲ್ ಬರೆಯಿರಿ. ಪ್ರಕಟಣೆಯಲ್ಲಿ ಏನಿದೆ ಎಂದು ಕೇಳಬೇಡಿ. ಕಳೆದ ವಾರದ ಲ್ಯಾಬ್ ಮೀಟಿಂಗ್ ಯಾವ ಭಾಷೆಯಲ್ಲಿ ನಡೆಯಿತು ಎಂದು ಕೇಳಿ.